ಎರಡನೆಯ ಸಲ ಯಾರು ನುಡಿಸುತ್ತಾರೆ?

1972ನೇ ಇಸವಿ. ಇಂಗ್ಲೆಂಡಿನ ಲೆಸ್ಟರ್ ಊರಿನ ಡಿ ಮಾಂಟ್‌ಫರ್ಟ್ ಹಾಲ್‌ನಲ್ಲಿ ಶಾಲಾ ಮಕ್ಕಳು ಪಿಟೀಲು, ಕೊಳಲು, ಟ್ರಂಪೆಟ್ ಹಿಡಿದು ಕೂತಿದ್ದಾರೆ. ಲೆಸ್ಟರ್‌ಶೈರ್ ಜಿಲ್ಲೆಯ ಶಾಲೆಗಳಿಂದ ಆರಿಸಿದ ಮಕ್ಕಳ ಸಿಂಫನಿ ಆರ್ಕೆಸ್ಟ್ರಾ ಅದು. ಎದುರಿಗೆ ಮೈಕುಗಳಿವೆ. ಅವರು ನುಡಿಸಬೇಕಾಗಿರುವುದು ಹ್ಯಾವರ್ಗಲ್ ಬ್ರಯನ್ ಎಂಬ ಇಂಗ್ಲಿಷ್ ಸಂಗೀತಕಾರರ ಹತ್ತನೆಯ ಮತ್ತು ಇಪ್ಪತ್ತೊಂದನೆಯ ಸಿಂಫನಿಗಳು. ಬ್ರಯನ್‌ಗೆ ಆಗ 96 ವರ್ಷ. ಬರೆದಿಟ್ಟಿದ್ದ ಸಿಂಫನಿಗಳು 32. ಅವುಗಳಲ್ಲಿ ಒಂದಾದರೂ ಅಂಗಡಿಯಲ್ಲಿ ಕೊಳ್ಳಬಹುದಾದ ರೆಕಾರ್ಡ್ ಆಗುತ್ತಿರುವುದು ಇದೇ ಮೊದಲು. ದೊಡ್ಡವರು ಮಾಡದ ಕೆಲಸವನ್ನು ಇನ್ನೂ ಪರೀಕ್ಷೆ ಬರೆಯುವ ವಯಸ್ಸಿನವರು ಮಾಡುತ್ತಿದ್ದರು. ಅದೇ ವರ್ಷ ನವೆಂಬರ್ 28ರಂದು ಬ್ರಯನ್ ತೀರಿಕೊಂಡರು.

ಆ ರೆಕಾರ್ಡನ್ನು ಈಗ ಕೇಳಿದರೆ ಅಲ್ಲಲ್ಲಿ ಶ್ರುತಿ ಅಲುಗುತ್ತದೆ. ಹಿತ್ತಾಳೆ ವಾದ್ಯಗಳು ಕಷ್ಟದ ಜಾಗಕ್ಕೆ ಬಂದಾಗ ಹುಡುಗರು ಉಸಿರು ಬಿಗಿಹಿಡಿದದ್ದು ನಮಗೇ ತಿಳಿಯುತ್ತದೆ. ಆದರೂ ಹತ್ತನೆಯ ಸಿಂಫನಿಯ ನಡುವೆ ಬಿರುಗಾಳಿ ಎದ್ದು ತಣ್ಣಗಾಗುವ ಹೊತ್ತಿನಲ್ಲಿ ಅವರ ನುಡಿಸಾಣಿಕೆಯಲ್ಲಿರುವ ಭಯಮಿಶ್ರಿತ ಶ್ರದ್ಧೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಇಲ್ಲೊಂದು ಮಾತು. ಆರ್ಕೆಸ್ಟ್ರಾ ಎಂದರೆ ನಮ್ಮ ಕಡೆ ಗಣೇಶನ ಪೆಂಡಾಲಿನ ಪಕ್ಕ ಸಿನಿಮಾ ಹಾಡು ಹಾಡುವವರು, ಕಂಡಕ್ಟರ್ ಎಂದರೆ ಚಿಲ್ಲರೆ ಕೇಳುವವರು. ಈ ಬರಹದಲ್ಲಿ ಎರಡು ಪದಕ್ಕೂ ಬೇರೆ ಅರ್ಥ. ಎಪ್ಪತ್ತು ತೊಂಬತ್ತು ಮಂದಿ ವಾದಕರ ತಂಡ ಆರ್ಕೆಸ್ಟ್ರಾ, ಅವರನ್ನು ಕೋಲು ಹಿಡಿದು ನಡೆಸುವವರು ಕಂಡಕ್ಟರ್. ಅವರು ನುಡಿಸುವ, ಸಾಮಾನ್ಯವಾಗಿ ನಾಲ್ಕು ಭಾಗಗಳಿರುವ, ಅರ್ಧ ಗಂಟೆಯಿಂದ ಒಂದು ಗಂಟೆವರೆಗೆ ಬೆಳೆಯುವ ಕೃತಿ ಸಿಂಫನಿ.

ನಾನು ಇದರ ಕಡೆಗೆ ಬಂದದ್ದು ಅಡ್ಡದಾರಿಯಲ್ಲಿ. ಬೆಂಗಳೂರಿನ ಒಂದು ಕಂಪನಿಯಲ್ಲಿ ಬ್ರಿಟನ್ನಿನ ಗಡಿಯಾರಕ್ಕೆ ಹೊಂದಿಸಿದ ಪಾಳಿ ನನ್ನದು. ಮಧ್ಯಾಹ್ನ ಹೋದರೆ ರಾತ್ರಿ ಹನ್ನೊಂದು ದಾಟಿದ ಮೇಲೆ ಕ್ಯಾಬ್. ಆ ಹೊತ್ತಿಗೆ ಲಂಡನ್ನಿನಲ್ಲಿ ಸಂಜೆ. ಮೊದಲು ಅಲ್ಲಿನ ಉಚ್ಚಾರಣೆ ಕಿವಿಗೆ ಹೊಂದಲಿ ಎಂದು ಬಿಬಿಸಿ ರೇಡಿಯೊ ಹಾಕಿಕೊಳ್ಳುತ್ತಿದ್ದೆ. ಆಮೇಲೆ ಉಚ್ಚಾರಣೆ ಮರೆತುಹೋಗಿ ರೇಡಿಯೊ 3ರ ಸಂಗೀತ ಉಳಿಯಿತು. ಒಂದು ರಾತ್ರಿ ರಿಂಗ್ ರಸ್ತೆಯಲ್ಲಿ ಮಳೆಗೆ ಸಿಕ್ಕಿ ಕ್ಯಾಬ್ ನಿಂತಿತ್ತು. ಕಿವಿಯೊಳಗೆ ಪಿಟೀಲುಗಳು ಯಾವ ಪೀಠಿಕೆಯೂ ಇಲ್ಲದೆ ಒಂದು ಉದ್ದನೆಯ ಧಾಟಿ ಎತ್ತಿಕೊಂಡವು. ಕೆಳಗಡೆ ಯಾರೋ ಎದೆ ಬಡಿತ ಲೆಕ್ಕ ಹಾಕುತ್ತಿರುವಂಥ ಮಿಡಿತ. ಮುಕ್ಕಾಲು ಗಂಟೆ ಕಳೆದ ಮೇಲೆ, ಇಡೀ ಆರ್ಕೆಸ್ಟ್ರಾ ಬಾಗಿಲು ಬಡಿದಂತೆ ಆರು ಸಲ ಬಡಿದು ನಿಂತಿತು. ಹೆಸರು ಹೇಳುವ ಹೊತ್ತಿಗೆ ಸಿಗ್ನಲ್ ಹೋಯಿತು. ಯಾವುದು ಎಂದು ಹುಡುಕಲು ನನಗೆ ನಾಲ್ಕು ದಿನ ಹಿಡಿಯಿತು.

ಅದು ಇ. ಜೆ. ಮೊರಾನ್ ಅವರ ಜಿ ಮೈನರ್ ಸಿಂಫನಿ.

ಮೊರಾನ್ ಹುಟ್ಟಿದ್ದು 1894ರಲ್ಲಿ, ಲಂಡನ್ ಪಕ್ಕದ ಹೆಸ್ಟನ್‌ನಲ್ಲಿ. ಮೊದಲ ಮಹಾಯುದ್ಧದಲ್ಲಿ 1917ರಲ್ಲಿ ಫ್ರಾನ್ಸಿನ ಬುಲ್ಲೆಕೂರ್ ಬಳಿ ತಲೆಗೆ ಗಾಯವಾಯಿತು. ಯುದ್ಧ ಮುಗಿದ ಮೇಲೆ ನಾರ್ಫಕ್‌ನ ಹಳ್ಳಿಗಳ ಹೆಂಡದಂಗಡಿಗಳಲ್ಲಿ ಕೂತು ಮುದುಕರು ಹಾಡುವ ಪದಗಳನ್ನು ಬರೆದುಕೊಂಡರು. ತಾವೂ ಕುಡಿದರು, ಸ್ವಲ್ಪ ಜಾಸ್ತಿಯೇ. 1924ರಲ್ಲಿ ಹ್ಯಾಮಿಲ್ಟನ್ ಹಾರ್ಟಿ ಎಂಬ ಹೆಸರಾಂತ ಕಂಡಕ್ಟರ್ ಒಂದು ಸಿಂಫನಿ ಬರೆದುಕೊಡಿ ಎಂದರು. ಬರೆಯತೊಡಗಿದರು, ಮನಸ್ಸಿಗೆ ಬರಲಿಲ್ಲ, ಹಾಗೇ ಬಿಟ್ಟರು. ಹತ್ತು ವರ್ಷ ಕಳೆದ ಮೇಲೆ ಮತ್ತೆ ಕೈಗೆತ್ತಿಕೊಂಡು 1937ರಲ್ಲಿ ಮುಗಿಸಿದರು. 1938ರ ಜನವರಿಯಲ್ಲಿ ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಲೆಸ್ಲಿ ಹಿವರ್ಡ್ ನಿರ್ದೇಶನದಲ್ಲಿ ಅದರ ಮೊದಲ ಪ್ರದರ್ಶನ. 1942ರಲ್ಲಿ, ಬಾಂಬುಗಳ ಕಾಲದಲ್ಲೇ, ಬ್ರಿಟಿಷ್ ಕೌನ್ಸಿಲ್ ದುಡ್ಡು ಹಾಕಿ ಅದೇ ಹಿವರ್ಡ್ ಅವರಿಂದ ಮ್ಯಾಂಚೆಸ್ಟರಿನ ಹಾಲೆ ಆರ್ಕೆಸ್ಟ್ರಾದೊಂದಿಗೆ ರೆಕಾರ್ಡ್ ಮಾಡಿಸಿತು. ಮರುವರ್ಷ ಹಿವರ್ಡ್ ಕ್ಷಯದಿಂದ ಸತ್ತರು. 1950ರ ಡಿಸೆಂಬರ್ 1ರಂದು ಐರ್ಲೆಂಡಿನ ಕೆನ್ಮೇರ್‌ನಲ್ಲಿ ಬಿರುಗಾಳಿಯ ಹೊತ್ತಿನಲ್ಲಿ ಮೊರಾನ್ ಕಡಲಕಟ್ಟೆಯಿಂದ ನೀರಿಗೆ ಬಿದ್ದು ಹೋದರು. ಎರಡನೆಯ ಸಿಂಫನಿ ಅರ್ಧಕ್ಕೆ ನಿಂತಿತ್ತು.

ಈ ಸಿಂಫನಿಯ ಮೇಲೆ ಹಳೆಯದೊಂದು ಆರೋಪವಿದೆ: ಇದರಲ್ಲಿ ಫಿನ್ಲೆಂಡಿನ ಸಿಂಫನಿಕಾರ ಸಿಬೇಲಿಯಸ್ ಅತಿಯಾಗಿದ್ದಾರೆ ಎಂದು. ಸುಳ್ಳಲ್ಲ. ಕೊನೆಯ ಆ ಆರು ಬಡಿತಗಳು ಸಿಬೇಲಿಯಸ್ ಅವರ ಐದನೆಯ ಸಿಂಫನಿಯ ಕೊನೆಯಿಂದ ಬಂದವು ಎಂದು ಯಾರಾದರೂ ಗುರುತಿಸಬಹುದು. ಆದರೆ ಎರಡನೆಯ ಭಾಗವನ್ನು ಕೇಳಿ. ಅದು ಹೊಳೆದದ್ದು ಪೂರ್ವ ನಾರ್ಫಕ್‌ನ ಮರಳುದಿಬ್ಬ, ಜೌಗು ನೆಲದ ನಡುವೆ ಎಂದು ಮೊರಾನ್ ಅವರೇ ಹೇಳಿದ್ದಾರೆ. ಉಳಿದದ್ದು ಐರ್ಲೆಂಡಿನ ಕೆರ್ರಿ ಸೀಮೆಯ ಬೆಟ್ಟ, ಕಡಲತೀರದ್ದು. ಆ ಜೌಗಿನ ಭಾಗದಲ್ಲಿ ಕೆಳಸ್ಥಾಯಿಯ ತಂತಿವಾದ್ಯಗಳು ಹೆಜ್ಜೆ ಹೂತುಹೋಗುವ ಕಡೆ ನಡೆದ ಹಾಗೆ ನಡೆಯುತ್ತವೆ. ಎಲ್ಲೂ ಗಟ್ಟಿ ನೆಲ ಸಿಗುವುದಿಲ್ಲ. ಯುದ್ಧದಿಂದ ಬಂದ ಮನುಷ್ಯ ತಾನು ಹಿಂತಿರುಗಿದ ನೆಲವೂ ನಿಲ್ಲಲು ಆಗದ್ದು ಎಂದು ಕಂಡುಕೊಂಡಂತಿದೆ. ಸಿಬೇಲಿಯಸ್‌ನಲ್ಲಿ ಇದಿಲ್ಲ. ಅಲ್ಲಿ ಚಳಿಯಿದೆ, ಈ ಕೆಸರಿಲ್ಲ.

ಇಂಥದ್ದು ಯಾಕೆ ಕಚೇರಿಗಳಲ್ಲಿ ಅಪರೂಪ ಎಂದು ಆಗ ಯೋಚಿಸತೊಡಗಿದೆ. ಕೃತಿ ಚೆನ್ನಾಗಿಲ್ಲದಿದ್ದರೆ ಮರೆವಿಗೆ ಹೋಗುತ್ತದೆ ಎನ್ನುವುದು ಸುಲಭದ ಉತ್ತರ. ಒಂದೊಂದೇ ಸಿಂಫನಿಯ ಬೆನ್ನು ಹತ್ತಿ ಹೋದಾಗ ನನಗೆ ಕಂಡದ್ದು ಬೇರೆ. ಮೊದಲ ಪ್ರದರ್ಶನ ಅಷ್ಟೇನೂ ಕಷ್ಟದ್ದಲ್ಲ. ಹೊಸದು ಎಂಬ ಸುದ್ದಿಯಿರುತ್ತದೆ, ಯಾವುದೋ ಉತ್ಸವವೋ ರೇಡಿಯೊವೋ ದುಡ್ಡು ಕೊಟ್ಟಿರುತ್ತದೆ, ಪತ್ರಿಕೆಯವರು ಬರುತ್ತಾರೆ. ಕಷ್ಟ ಇರುವುದು ಎರಡನೆಯ ಪ್ರದರ್ಶನದಲ್ಲಿ. ಅದಕ್ಕೆ ಸುದ್ದಿಯ ಬೆಲೆಯಿಲ್ಲ, ಹಳೆಯದೆಂಬ ಗೌರವವೂ ಇಲ್ಲ.

ಎಲ್ಗರ್ ಅವರ ಮೊದಲ ಸಿಂಫನಿ 1908ರ ಡಿಸೆಂಬರ್ 3ರಂದು ಮ್ಯಾಂಚೆಸ್ಟರಿನಲ್ಲಿ ಹೊರಬಂದು ಒಂದು ವರ್ಷದ ಆಸುಪಾಸಿನಲ್ಲೇ ಸುಮಾರು ನೂರು ಸಲ ಜಗತ್ತಿನ ಊರೂರಲ್ಲಿ ನುಡಿಯಿತು. ಇಂದಿಗೂ ಅದು ನಡೆಯುತ್ತಿರುವುದು ಆ ಮೊದಲ ನೂರರ ಬಲದಿಂದ. ವಾದಕರ ಬೆರಳಿಗೆ ಬಂತು, ಕಂಡಕ್ಟರುಗಳ ನೆನಪಿಗೆ ಬಂತು, ಕೇಳುಗರ ಬಾಯಿಗೆ ಬಂತು. ನಮ್ಮಲ್ಲಿ ಒಂದು ಕೀರ್ತನೆ ಉಳಿಯಲು ಒಬ್ಬ ಶಿಷ್ಯೆ ಸಾಕು. ಅವಳು ಅಡುಗೆಮನೆಯಲ್ಲಿ ಹಾಡಿಕೊಂಡರೂ ಅದು ಬದುಕಿರುತ್ತದೆ. ಸಿಂಫನಿಯನ್ನು ಗುನುಗಿ ಉಳಿಸಿಕೊಳ್ಳಲು ಬರುವುದಿಲ್ಲ. ಎಂಬತ್ತು ಮಂದಿಗೆ ಸಂಬಳ, ಹಾಲ್‌ನ ಬಾಡಿಗೆ, ಪ್ರಕಾಶಕರಿಂದ ಪ್ರತಿ ವಾದ್ಯದ ಸ್ವರಪ್ರತಿಗಳನ್ನು ಬಾಡಿಗೆಗೆ ತರಿಸುವುದು ಎಲ್ಲ ಬೇಕು. ಎಷ್ಟೋ ಸಲ ಆ ಪ್ರತಿಗಳು ಕೈಬರಹದವು, ತಪ್ಪುಗಳಿಂದ ತುಂಬಿದವು. ಬ್ರಿಟಿಷ್ ಆರ್ಕೆಸ್ಟ್ರಾಗಳು ಅಭ್ಯಾಸಕ್ಕೆ ಇಟ್ಟುಕೊಳ್ಳುವ ಸಮಯ ಬಹಳ ಕಡಿಮೆ. ಬ್ರಾಮ್ಸ್ ಆದರೆ ಒಂದು ಸಲ ಒಟ್ಟಿಗೆ ಕೂತರೆ ಸಾಕು, ಯಾರೂ ನುಡಿಸಿರದ ಮುಕ್ಕಾಲು ಗಂಟೆಯ ಕೃತಿಗೆ ಸಾಲದು. ವ್ಯವಸ್ಥಾಪಕರು ಲೆಕ್ಕ ಹಾಕುತ್ತಾರೆ: ಜಾಸ್ತಿ ಅಭ್ಯಾಸ, ಕಡಿಮೆ ಟಿಕೆಟ್. ಅಲ್ಲಿಗೆ ಮುಗಿಯಿತು.

ಜಾರ್ಜ್ ಲಾಯ್ಡ್ ಅವರ ನಾಲ್ಕನೆಯ ಸಿಂಫನಿಗೆ ಎರಡನೆಯದಿರಲಿ, ಮೊದಲನೆಯ ಪ್ರದರ್ಶನಕ್ಕೇ 35 ವರ್ಷ ಬೇಕಾಯಿತು. ಲಾಯ್ಡ್ ಕಾರ್ನ್‌ವಾಲ್‌ನ ಸೇಂಟ್ ಐವ್ಸ್‌ನವರು, 1913ರಲ್ಲಿ ಹುಟ್ಟಿದವರು. ಹತ್ತೊಂಬತ್ತಕ್ಕೇ ಮೊದಲ ಸಿಂಫನಿ ಬರೆದ ಹುಡುಗ. ಎರಡನೇ ಮಹಾಯುದ್ಧದಲ್ಲಿ ನೌಕಾದಳದ ಬ್ಯಾಂಡಿನವರಾಗಿ ಟ್ರಿನಿಡಾಡ್ ಎಂಬ ಯುದ್ಧನೌಕೆಯಲ್ಲಿದ್ದರು. ಬ್ಯಾಂಡಿನವರೆಂದರೆ ಹಡಗಿನಲ್ಲಿ ಬರೀ ವಾದ್ಯ ನುಡಿಸಿಕೊಂಡು ಇರುವವರಲ್ಲ. ಕಾಳಗದ ಹೊತ್ತಿಗೆ ಹಡಗಿನ ತಳದಲ್ಲಿ, ಫಿರಂಗಿಗಳ ಗುರಿ ಲೆಕ್ಕ ಹಾಕುವ ಕೋಣೆಯಲ್ಲಿ ಅವರ ಕೆಲಸ. 1942ರ ಮಾರ್ಚ್‌ನಲ್ಲಿ, ರಷ್ಯಾಕ್ಕೆ ಸಾಮಾನು ಸಾಗಿಸುವ ಹಡಗುಗಳ ಕಾವಲಿಗೆ ಆರ್ಕ್ಟಿಕ್ ಸಮುದ್ರದಲ್ಲಿದ್ದಾಗ, ಟ್ರಿನಿಡಾಡ್ ಹಾರಿಸಿದ ಟಾರ್ಪಿಡೊ ಚಳಿಗೆ ಕೆಟ್ಟು, ಸುತ್ತು ಹೊಡೆದು ಬಂದು ಟ್ರಿನಿಡಾಡಿಗೇ ಬಡಿಯಿತು. ಎಣ್ಣೆ ತೊಟ್ಟಿ ಒಡೆದು ಕೆಳಗಿನ ಕೋಣೆಗೆ ನುಗ್ಗಿತು. ಜೊತೆಯ ಬ್ಯಾಂಡಿನವರು ಕಣ್ಣೆದುರೇ ಎಣ್ಣೆಯಲ್ಲಿ ಮುಳುಗಿದರು. ಲಾಯ್ಡ್ ಹೇಗೋ ಮೇಲೆ ಬಂದರು, ಮನಸ್ಸು ಮೇಲೆ ಬರಲಿಲ್ಲ. ಕೈ ನಡುಗುತ್ತಿದ್ದ ಆ ಮನುಷ್ಯನನ್ನು ಅವರ ಹೆಂಡತಿ, ಸ್ವಿಟ್ಜರ್‌ಲೆಂಡಿನವರು, ಸ್ವಲ್ಪ ಸ್ವಲ್ಪವಾಗಿ ಸಂಗೀತಕ್ಕೆ ಹಿಂದಕ್ಕೆ ಕರೆತಂದರು. ಹಾಗೆ ಹುಟ್ಟಿದ್ದು ನಾಲ್ಕನೆಯ ಸಿಂಫನಿ. ಅದನ್ನು ಆರ್ಕ್ಟಿಕ್ ಎಂದೇ ಕರೆಯುತ್ತಾರೆ. ಮುಗಿದದ್ದು 1946ರಲ್ಲಿ.

ಇಂಥ ಕತೆ ಕೇಳಿ ಸಂಗೀತ ಹಾಕಿದರೆ ನಿರಾಸೆಯಾಗಬಹುದು, ನನಗೂ ಆಯಿತು. ಕಿರುಚಾಟ, ಕರ್ಕಶತೆ ಕಾದಿದ್ದೆ. ಇದರಲ್ಲಿ ಬೆಳಕಿದೆ, ಹಾಡಿದೆ, ಕೊನೆಯ ಭಾಗದಲ್ಲಿ ಒಂದರ ಹಿಂದೆ ಒಂದು ಲವಲವಿಕೆಯ ಮಾರ್ಚುಗಳು, ಅಂದರೆ ಸಿಪಾಯಿಗಳ ನಡಿಗೆಗೆ ನುಡಿಸುವಂಥ ಧಾಟಿಗಳು. ಏನಪ್ಪ ಇದು, ಇಷ್ಟು ಜನ ಸತ್ತ ಮೇಲೆ ಮೆರವಣಿಗೆಯೇ ಎಂದು ಮುಚ್ಚಿಟ್ಟೆ. ಬಹಳ ದಿನಗಳ ಮೇಲೆ ಲಾಯ್ಡ್ ಅವರೇ ಕೊಟ್ಟ ವಿವರಣೆ ಓದಿದೆ: ಹೂಳಿದ ಮೇಲೆ ಬ್ಯಾಂಡಿನವರು ಚುರುಕು ಧಾಟಿ ನುಡಿಸುತ್ತಾ ಮನೆಗೆ ಹೋಗುತ್ತಾರೆ, ಇದು ಅದು. ಆ ಬ್ಯಾಂಡಿನವರೇ ಸತ್ತಿದ್ದರು ಎಂಬುದನ್ನು ನೆನಪಿಟ್ಟುಕೊಂಡು ಮತ್ತೆ ಕೇಳಿದೆ. ಆ ಮಾರ್ಚುಗಳನ್ನು ಈಗ ನನಗೆ ಕೂತು ಕೇಳಲಾಗುವುದಿಲ್ಲ, ಎದ್ದು ಓಡಾಡುತ್ತೇನೆ.

ಯುದ್ಧವಾದ ಮೇಲೆ ಲಂಡನ್ನಿಗೆ ಇಂಥ ಹಾಡುವ ಸಂಗೀತ ಬೇಕಿರಲಿಲ್ಲ. ಲಾಯ್ಡ್ ಡಾರ್ಸೆಟ್ ಸೀಮೆಗೆ ಹೋಗಿ ಇಪ್ಪತ್ತು ವರ್ಷ ಕಾರ್ನೇಶನ್ ಹೂವು, ಅಣಬೆ ಬೆಳೆದು ಮಾರಿದರು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಅಣಬೆ ಕೀಳುವ ಮೊದಲು, ಸಂಗೀತ ಬರೆದರು. ಒಟ್ಟು 12 ಸಿಂಫನಿಗಳು. ನಾಲ್ಕನೆಯದನ್ನು ಕೊನೆಗೆ 1981ರಲ್ಲಿ ಚೆಲ್ಟನಮ್ ಉತ್ಸವದಲ್ಲಿ ಎಡ್ವರ್ಡ್ ಡೌನ್ಸ್ ಅವರು ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾದಿಂದ ನುಡಿಸಿದರು. ಫಿಲ್ಹಾರ್ಮೋನಿಯಾ ಎಂಬ ಹೆಸರನ್ನು ನೆನಪಿನಲ್ಲಿಡಿ, ಅದಕ್ಕೂ ಮೈಸೂರಿಗೂ ಒಂದು ಲೆಕ್ಕ ಬಾಕಿಯಿದೆ.

ಬೇಕಿರಲಿಲ್ಲ ಎಂದೆನಲ್ಲ, ಯಾರಿಗೆ? 1959ರಿಂದ 1972ರವರೆಗೆ ಬಿಬಿಸಿಯ ಸಂಗೀತ ವಿಭಾಗದ ಮುಖ್ಯಸ್ಥರಾಗಿದ್ದವರು ವಿಲಿಯಂ ಗ್ಲಾಕ್. ಯುರೋಪಿನ ಹೊಸ, ಕಟುವಾದ, ಧಾಟಿಗೆ ಸಿಕ್ಕದ ಸಂಗೀತಕ್ಕೆ ಅವರು ಬಾಗಿಲು ತೆರೆದರು. ಹಳೆಯ ಬಗೆಯಲ್ಲಿ ಬರೆಯುತ್ತಿದ್ದವರ ಹೆಸರಿನ ಕಪ್ಪುಪಟ್ಟಿಯೇ ಇತ್ತು ಎಂಬ ದೂರು ಇವತ್ತಿಗೂ ಕೇಳುತ್ತದೆ. ನನಗೆ ಇದನ್ನು ಪೂರ್ತಿ ನುಂಗಲಾಗುವುದಿಲ್ಲ. ಹ್ಯಾವರ್ಗಲ್ ಬ್ರಯನ್ ಅವರ ದೈತ್ಯ ಸಿಂಫನಿಯನ್ನು ಬಿಬಿಸಿ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದ್ದು 1966ರ ಅಕ್ಟೋಬರ್ 30ರಂದು, ಅಂದರೆ ಗ್ಲಾಕ್ ಕಾಲದಲ್ಲೇ. ಒಬ್ಬ ಮನುಷ್ಯನನ್ನು ಖಳನನ್ನಾಗಿಸಿದರೆ ಕತೆ ಹೇಳಲು ಸುಲಭ, ಅಷ್ಟೇ.

ಆ ದೈತ್ಯನ ಹೆಸರು ಗಾಥಿಕ್. ಬ್ರಯನ್ ಅವರ ಒಂದನೆಯ ಸಿಂಫನಿ. ಮಡಿಕೆ ಕುಡಿಕೆಗಳಿಗೆ ಹೆಸರಾದ ಸ್ಟಾಫರ್ಡ್‌ಶೈರ್ ಸೀಮೆಯ ಬಡ ಮನೆಯ ಹುಡುಗ ಅವರು, ಹನ್ನೆರಡಕ್ಕೇ ಶಾಲೆ ಬಿಟ್ಟವರು. 1919ರಿಂದ 1927ರವರೆಗೆ ಇದನ್ನು ಬರೆದರು. ಇನ್ನೂರರ ಹತ್ತಿರ ವಾದಕರು, ನಾಲ್ಕು ದೊಡ್ಡ ಗಾಯಕವೃಂದಗಳು, ಮಕ್ಕಳ ವೃಂದ, ನಾಲ್ವರು ಮುಖ್ಯ ಗಾಯಕರು, ವೇದಿಕೆಯಾಚೆ ನಾಲ್ಕು ಹಿತ್ತಾಳೆ ಬ್ಯಾಂಡು, ಆರ್ಗನ್, ಗುಡುಗಿನ ಸದ್ದಿಗೊಂದು ಯಂತ್ರ, ಹೊಲದಲ್ಲಿ ಹಕ್ಕಿ ಓಡಿಸುವ ಗಿರಗಟ್ಟೆ. ಊರ ಜಾತ್ರೆಗೂ ಇಷ್ಟು ಜನ ಬೇಕಿಲ್ಲ. ಮೊದಲ ಪ್ರದರ್ಶನ 1961ರ ಜೂನ್ 24ರಂದು, ಬಹುಪಾಲು ಹವ್ಯಾಸಿಗಳಿಂದ. ಆಗ ಬ್ರಯನ್‌ಗೆ 85.

ಗಾಥಿಕ್ ಶ್ರೇಷ್ಠ ಕೃತಿಯೇ? ಹಿಂಜರಿಯುತ್ತಲೇ ಹೇಳುತ್ತೇನೆ: ವಾದ್ಯಗಳಷ್ಟೇ ಇರುವ ಮೊದಲ ಮೂರು ಭಾಗ ಅಪ್ಪಟ ಚಿನ್ನ. ಆಮೇಲಿನ ಒಂದು ಗಂಟೆಗೂ ಮಿಕ್ಕಿದ ಗಾಯನ ನನ್ನನ್ನು ಸುಸ್ತು ಮಾಡುತ್ತದೆ. ಒಂದು ಯೋಚನೆ ಬೇರೂರುವ ಮೊದಲೇ ಮತ್ತೊಂದು ನುಗ್ಗುತ್ತದೆ. ಆದರೆ ಬ್ರಯನ್‌ರನ್ನು ಗಾಥಿಕ್‌ನಿಂದ ಅಳೆಯುವುದೇ ತಪ್ಪು. ಆ ಗಾತ್ರದ ಸುದ್ದಿಯೇ ಉಳಿದ 31 ಸಿಂಫನಿಗಳನ್ನು ಮುಚ್ಚಿಹಾಕಿತು. ಅವುಗಳಲ್ಲಿ ಎಷ್ಟೋ ಇಪ್ಪತ್ತು ನಿಮಿಷ ಮೀರುವುದಿಲ್ಲ. ತಮ್ಮದೊಂದು ಸಿಂಫನಿಯನ್ನು ಆರ್ಕೆಸ್ಟ್ರಾ ನುಡಿಸುವುದನ್ನು ಬ್ರಯನ್ ಮೊದಲ ಸಲ ಕೇಳಿದ್ದು 1954ರಲ್ಲಿ, 78ನೇ ವಯಸ್ಸಿನಲ್ಲಿ. ಬಿಬಿಸಿಯಲ್ಲಿದ್ದ ರಾಬರ್ಟ್ ಸಿಂಪ್ಸನ್ ಎಂಬ ಇನ್ನೊಬ್ಬ ಸಿಂಫನಿಕಾರರು, ಅವರೂ 11 ಬರೆದವರು ಮತ್ತು ಅವರದನ್ನೂ ಈಗ ನುಡಿಸುವುದು ಅಪರೂಪ, ಹಠ ಹಿಡಿದು ಎಂಟನೆಯದನ್ನು ಪ್ರಸಾರ ಮಾಡಿಸಿದರು. ಅದನ್ನು ಕೇಳಿದ ಮೇಲೆ ಮುದುಕರಿಗೆ ಏನಾಯಿತೋ, ಎಂಬತ್ತು ದಾಟಿದ ಮೇಲೆ ಇಪ್ಪತ್ತೊಂದು ಸಿಂಫನಿ ಬರೆದರು. ಶೋರಮ್ ಊರಿನಲ್ಲಿ ನಗರಸಭೆಯ ಬಾಡಿಗೆ ಮನೆಯೊಂದರಲ್ಲಿ ಕೂತು. ಕೊನೆಯದನ್ನು ಮುಗಿಸಿದ್ದು 92ನೇ ವಯಸ್ಸಿನಲ್ಲಿ.

ಒಂದು ಸಲ ಕೇಳಿಸಿಕೊಂಡರೆ ಮನುಷ್ಯನಿಗೆ ಎಷ್ಟು ಬಲ ಬರುತ್ತದೆ ನೋಡಿ. ಹೊಸಬರು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ, ಗಾಥಿಕ್ ಬಿಟ್ಟು ಆರನೆಯದನ್ನು ಹಾಕಿ ಎನ್ನುತ್ತೇನೆ.

ರುತ್ ಗಿಪ್ಸ್ ಅವರಿಗೆ ಕೇಳಿಸಿಕೊಳ್ಳುವ ಭಾಗ್ಯವನ್ನು ಯಾರೂ ಕೊಡಲಿಲ್ಲ, ಅವರೇ ಕಟ್ಟಿಕೊಂಡರು. 1921ರಲ್ಲಿ ಬೆಕ್ಸ್‌ಹಿಲ್‌ನಲ್ಲಿ ಹುಟ್ಟಿದ ಗಿಪ್ಸ್ ಪಿಯಾನೊ ಮತ್ತು ಓಬೋ ಎಂಬ ಊದುವ ವಾದ್ಯ ಎರಡರಲ್ಲೂ ನುರಿತವರು. 1945ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಂದೇ ಕಚೇರಿಯ ಮೊದಲ ಅರ್ಧದಲ್ಲಿ ಗ್ಲಾಜುನೋವ್ ಅವರ ಪಿಯಾನೊ ಕನ್ಸರ್ಟೊ, ಅಂದರೆ ಪಿಯಾನೊ ಮುಂದಾಗಿ ಆರ್ಕೆಸ್ಟ್ರಾ ಜೊತೆಗೂಡುವ ಕೃತಿ, ನುಡಿಸಿ, ಆಮೇಲೆ ಎದ್ದುಹೋಗಿ ಆರ್ಕೆಸ್ಟ್ರಾದ ನಡುವೆ ಕೂತು ತಮ್ಮದೇ ಮೊದಲ ಸಿಂಫನಿಯ ಮೊದಲ ಪ್ರದರ್ಶನದಲ್ಲಿ ಓಬೋ ಜಾತಿಯದೇ ಆದ ಕಾರ್ ಆಂಗ್ಲೆ ಊದಿದರು. ಇಪ್ಪತ್ತನಾಲ್ಕು ವರ್ಷದ ಹೆಣ್ಣುಮಗಳು! ಹಳೆಯ ಗಾಯದ ನೋವಿನಿಂದ ಮುಂದೆ ನುಡಿಸುವುದು ನಿಂತಾಗ ಕಂಡಕ್ಟರ್ ಆಗಲು ಹೊರಟರು. ಹೆಂಗಸಿನ ಕೋಲಿಗೆ ನಾವು ನುಡಿಸುವುದೇ ಎಂಬ ಕಾಲ. ಅದಕ್ಕೇ 1955ರಲ್ಲಿ ಲಂಡನ್ ರೆಪರ್ಟ್ವಾರ್ ಆರ್ಕೆಸ್ಟ್ರಾವನ್ನೂ 1961ರಲ್ಲಿ ಶಾಂಟಿಕ್ಲಿಯರ್ ಆರ್ಕೆಸ್ಟ್ರಾವನ್ನೂ ತಾವೇ ಹುಟ್ಟುಹಾಕಿದರು. ಐದು ಸಿಂಫನಿ ಬರೆದರು. 1972ರ ನಾಲ್ಕನೆಯದನ್ನು ನಾನು ಇಪ್ಪತ್ತು ಸಲವಾದರೂ ಕೇಳಿರಬೇಕು. ಅದರಲ್ಲಿ ಯಾವ ವಾದ್ಯವೂ ಬರೀ ಹಿಮ್ಮೇಳಕ್ಕೆಂದು ಕೂತಿರುವುದಿಲ್ಲ. ಆರ್ಕೆಸ್ಟ್ರಾದೊಳಗೆ ಕೂತು ಬಂದವರಿಗೆ ಮಾತ್ರ ಬರುವ ಬರವಣಿಗೆ ಅದು, ಯಾರ ಸರದಿ ಯಾವಾಗ ಎಂಬುದು ಗೊತ್ತಿರುವ ದೊಡ್ಡ ಕುಟುಂಬದ ಊಟದ ಪಂಕ್ತಿಯ ಹಾಗೆ. ಗಿಪ್ಸ್ 1999ರಲ್ಲಿ ತೀರಿಕೊಂಡರು. ಎರಡನೆಯ ಮತ್ತು ನಾಲ್ಕನೆಯ ಸಿಂಫನಿಗಳ ಒಳ್ಳೆಯ ರೆಕಾರ್ಡ್ ಬಂದದ್ದು 2018ರಲ್ಲಿ, ಬಿಬಿಸಿ ನ್ಯಾಷನಲ್ ಆರ್ಕೆಸ್ಟ್ರಾ ಆಫ್ ವೇಲ್ಸ್‌ನಿಂದ, ರುಮನ್ ಗಾಂಬಾ ನಿರ್ದೇಶನದಲ್ಲಿ.

ಮರೆತವರೆಲ್ಲ ಮಹಾನುಭಾವರು ಎಂದು ನಾನು ವಾದಿಸುತ್ತಿಲ್ಲ. ಸ್ಟ್ಯಾನ್‌ಫರ್ಡ್ ಅವರ ಏಳೂ ಸಿಂಫನಿ ಕೇಳಿದ್ದೇನೆ. ಇಸ್ತ್ರಿ ಮಾಡಿದ ಅಂಗಿಯ ಹಾಗೆ ಒಂದು ಸುಕ್ಕಿಲ್ಲ, ನೆನಪಿನಲ್ಲೂ ಏನೂ ಉಳಿಯುವುದಿಲ್ಲ. ಐರಿಶ್ ಎಂಬ ಮೂರನೆಯದು ಒಂದನ್ನು ಬೇಕಾದರೆ ಇಟ್ಟುಕೊಳ್ಳೋಣ.

ಆದರೆ ಮ್ಯಾಲ್ಕಮ್ ಅರ್ನಾಲ್ಡ್ ಅವರ ಒಂಬತ್ತನೆಯದು ಬೇರೆ ಮಾತು. ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್ ಸಿನಿಮಾದ ಸಂಗೀತಕ್ಕೆ ಆಸ್ಕರ್ ಪಡೆದವರು ಇವರೇ. ಕುಡಿತ, ಮಾನಸಿಕ ಕಾಯಿಲೆ, ಆಸ್ಪತ್ರೆಗಳ ನಂತರ 1986ರಲ್ಲಿ, ನೋಡಿಕೊಳ್ಳುವವರೊಬ್ಬರ ಆಸರೆಯಲ್ಲಿ ನಾರ್ಫಕ್‌ನಲ್ಲಿದ್ದಾಗ, ಕೆಲವೇ ವಾರಗಳಲ್ಲಿ ಇದನ್ನು ಬರೆದರು. ಪುಟಗಳು ಬಹುಮಟ್ಟಿಗೆ ಖಾಲಿ. ಒಂದೋ ಎರಡೋ ಎಳೆ ಸ್ವರ, ಉಳಿದವರೆಲ್ಲ ಸುಮ್ಮನೆ. ಇದು ಮುಗಿದ ಕೃತಿಯೇ ಎಂದು ಪ್ರಕಾಶಕರೇ ಹಿಂಜರಿದರು. 1992ರವರೆಗೆ ಅದು ಸದ್ದಾಗಲಿಲ್ಲ. ಇಡೀ ಸಿಂಫನಿಯ ಅರ್ಧದಷ್ಟನ್ನು ಕೊನೆಯ ಭಾಗವೊಂದೇ ನುಂಗುತ್ತದೆ, ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ನಿಧಾನ. ಕೊಟ್ಟಕೊನೆಗೆ ಒಂದೇ ಒಂದು ಬೆಳಕಿನ ಸ್ವರಮೇಳ, ಡಿ ಮೇಜರ್. ಅದು ಸಮಾಧಾನವೋ ಶರಣಾಗತಿಯೋ, ಪ್ರತಿ ಸಲವೂ ನನಗೆ ಬೇರೆ ಬೇರೆ ಅನಿಸುತ್ತದೆ. ದೇವಸ್ಥಾನದ ಜಾಗಟೆ ನಿಂತ ಮೇಲಿನ ನಿಶ್ಶಬ್ದವನ್ನು ಕೇಳುವ ಅಭ್ಯಾಸ ಇರುವವರಿಗೆ ಈ ಸಿಂಫನಿ ಕಷ್ಟವಾಗಲಾರದು.

ಈಗ ಮೈಸೂರಿನ ಲೆಕ್ಕ. ಫಿಲ್ಹಾರ್ಮೋನಿಯಾವನ್ನು 1945ರಲ್ಲಿ ಲಂಡನ್ನಿನಲ್ಲಿ ಕಟ್ಟಿದವರು ವಾಲ್ಟರ್ ಲೆಗ್. ಕಟ್ಟಿದರು, ನಿಲ್ಲಿಸಲು ದುಡ್ಡಿರಲಿಲ್ಲ. ಅವರು 1949ರಲ್ಲಿ ಮೈಸೂರಿಗೆ ಬಂದಾಗ ಜಯಚಾಮರಾಜ ಒಡೆಯರು ಮೂರು ವರ್ಷ, ವರ್ಷಕ್ಕೆ 10,000 ಪೌಂಡ್ ಕೊಡಲು ಒಪ್ಪಿದರೆಂದು ಲೆಗ್ ನೆನೆದಿದ್ದಾರೆ. ಮಹಾರಾಜರ ಆಸೆ ಒಂದೇ: ಯಾರೂ ನುಡಿಸದ್ದನ್ನು ಕೇಳಬೇಕು. ಲಂಡನ್ನಿನಲ್ಲಿ ಮರೆವಿಗೆ ಸರಿದಿದ್ದ ರಷ್ಯಾದ ಮೆಡ್ನರ್ ಅವರ ಕೃತಿಗಳನ್ನು, ಅವರದೇ ಪಿಯಾನೊದಲ್ಲಿ, ಧ್ವನಿಮುದ್ರಿಸಲು ಹಣ ಕೊಟ್ಟರು. ಕಂಡಕ್ಟರ್ ಕರಾಯನ್ ಕೈಯಲ್ಲಿ ರಷ್ಯಾದವರೇ ಆದ ಬಾಲಕಿರೇವ್ ಅವರ ಮೊದಲ ಸಿಂಫನಿ ರೆಕಾರ್ಡ್ ಆಯಿತು. 1950ರ ಮೇ 22ರಂದು ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಹಾಡುಗಳು ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ನುಡಿದಾಗ ಆರ್ಕೆಸ್ಟ್ರಾ ಫಿಲ್ಹಾರ್ಮೋನಿಯಾ, ನಷ್ಟವಾದರೆ ಕೊಡುತ್ತೇವೆಂದು 4,800 ಡಾಲರಿಗೆ ಜಾಮೀನು ನಿಂತವರು ಮೈಸೂರು ಮಹಾರಾಜರು.

ಮಹಾರಾಜರು ಹಣ ಕೊಟ್ಟವುಗಳ ಪಟ್ಟಿಯಲ್ಲಿ ನಾನು ಕಂಡಂತೆ ಬ್ರಿಟಿಷ್ ಸಿಂಫನಿ ಒಂದೂ ಇಲ್ಲ. ಮೊರಾನ್ ಆಗ ಬದುಕಿದ್ದರು, ಲಾಯ್ಡ್ ಬರೆದಿಟ್ಟಿದ್ದು ಕಪಾಟಿನಲ್ಲಿತ್ತು. ಯಾರಾದರೂ ಅರಮನೆಗೆ ಒಂದು ಕಾಗದ ಹಾಕಿದ್ದರೆ ಎಂದು ನನಗೆ ಹೊಟ್ಟೆ ಉರಿಯುತ್ತದೆ. ಆದರೂ 1975ರಲ್ಲಿ ಆಡ್ರಿಯನ್ ಬೋಲ್ಟ್ ಅವರು ಲಿರಿಟಾ ಕಂಪನಿಗಾಗಿ ಮೊರಾನ್ ಸಿಂಫನಿಯನ್ನು ಮತ್ತೆ ಜಗತ್ತಿಗೆ ಕೇಳಿಸಿದ್ದು ಇದೇ ಆರ್ಕೆಸ್ಟ್ರಾದಿಂದ, ಆಗ ಅದರ ಹೆಸರು ನ್ಯೂ ಫಿಲ್ಹಾರ್ಮೋನಿಯಾ. 1981ರಲ್ಲಿ ಲಾಯ್ಡ್‌ಗೆ ಒದಗಿದ್ದೂ ಇದೇ. ಮೈಸೂರಿನ ದುಡ್ಡು ಸುತ್ತಿ ಬಳಸಿ ಅಲ್ಲಿಗೆ ಮುಟ್ಟಿತು ಎಂದು ಒಬ್ಬ ಮೈಸೂರಿನವನು ಬೀಗಿದರೆ ಕ್ಷಮಿಸಿ.

ಇನ್ನೊಬ್ಬರು ನಮ್ಮ ಕಡೆಗೇ ಬಂದುಬಿಟ್ಟರು. ಜಾನ್ ಫೌಲ್ಡ್ಸ್, 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದವರು, ಹಾಲೆ ಆರ್ಕೆಸ್ಟ್ರಾದಲ್ಲಿ ಚೆಲ್ಲೊ ನುಡಿಸುತ್ತಿದ್ದವರು. ಯುದ್ಧದಲ್ಲಿ ಸತ್ತವರಿಗಾಗಿ ಅವರು ಬರೆದ ವರ್ಲ್ಡ್ ರಿಕ್ವಿಯಮ್ 1923ರಿಂದ 1926ರವರೆಗೆ ನವೆಂಬರ್‌ನಲ್ಲಿ ಆಲ್ಬರ್ಟ್ ಹಾಲನ್ನು ತುಂಬಿಸುತ್ತಿತ್ತು. ಆಮೇಲೆ ದಿಢೀರನೆ ನಿಂತುಹೋಯಿತು. ಹೆಂಡತಿ ಮಾಡ್ ಮೆಕಾರ್ಥಿ ಐರ್ಲೆಂಡಿನ ಪಿಟೀಲುವಾದಕಿ. ಆನಿ ಬೆಸೆಂಟ್ ಜೊತೆ ಭಾರತಕ್ಕೆ ಬಂದು ನಮ್ಮ ಸಂಗೀತ ಕಲಿತು, ಲಂಡನ್ನಿನ ಸಭೆಗಳಲ್ಲಿ ಇಪ್ಪತ್ತೆರಡು ಶ್ರುತಿ ಹಾಡಿ ತೋರಿಸುತ್ತಿದ್ದವರು. 1935ರಲ್ಲಿ ಇಬ್ಬರೂ ಇಲ್ಲಿಗೆ ಬಂದರು. ಫೌಲ್ಡ್ಸ್ ದೆಹಲಿಯ ಆಲ್ ಇಂಡಿಯಾ ರೇಡಿಯೊದಲ್ಲಿ ಪಾಶ್ಚಾತ್ಯ ಸಂಗೀತದ ನಿರ್ದೇಶಕರಾದರು. ಆಕಾಶವಾಣಿಯಲ್ಲಿ ದಶಕಗಳ ಕಾಲ ಹಾರ್ಮೋನಿಯಂ ನಿಷಿದ್ಧವಾಗಿತ್ತಲ್ಲ, ಅದರ ಬೀಜ 1938ರಲ್ಲಿ ಇವರು ಬರೆದ ಲೇಖನದಲ್ಲಿದೆ. ನಮ್ಮ ಗಮಕಕ್ಕೆ ಆ ಪೆಟ್ಟಿಗೆ ಶತ್ರು ಎಂದು ನಮಗಾಗಿ ಕಾದಾಡಿದ್ದು ಮ್ಯಾಂಚೆಸ್ಟರಿನ ಚೆಲ್ಲೊವಾದಕ! ನಮ್ಮ ವಾದ್ಯಗಾರರನ್ನು ಸೇರಿಸಿ ಒಂದು ವಾದ್ಯವೃಂದ ಕಟ್ಟಿದರು. ಪೂರ್ವ ಪಶ್ಚಿಮಗಳ ಸಿಂಫನಿ ಎಂದು ಒಂದನ್ನು ಬರೆದರು. 1939ರ ಏಪ್ರಿಲ್ 25ರಂದು ಕಲ್ಕತ್ತೆಯಲ್ಲಿ ಕಾಲರಾ ಬಂದು ಸತ್ತರು. ಆ ಸಿಂಫನಿ ಕಳೆದುಹೋಗಿದೆ. ನುಡಿಸುವವರಿಲ್ಲದ್ದಲ್ಲ ಅದು, ಕಾಗದವೇ ಇಲ್ಲದ್ದು.

ಉಳಿದಿರುವುದರಲ್ಲಿ ತ್ರೀ ಮಂತ್ರಾಸ್ ಎಂಬ ಆರ್ಕೆಸ್ಟ್ರಾ ಕೃತಿಯಿದೆ. ಸಿಂಫನಿ ಎನ್ನದಿದ್ದರೂ ಸಿಂಫನಿಯಷ್ಟೇ ತೂಕದ್ದು. ಮೂರನೆಯ ಮಂತ್ರವನ್ನು ಫೌಲ್ಡ್ಸ್ ಏಳೇ ಸ್ವರಗಳಲ್ಲಿ ಕಟ್ಟಿದ್ದಾರೆ. ಸ, ಷಟ್ಶ್ರುತಿ ರಿಷಭ, ಅಂತರ ಗಾಂಧಾರ, ಪ್ರತಿಮಧ್ಯಮ, ಪ, ಷಟ್ಶ್ರುತಿ ಧೈವತ, ಕಾಕಲಿ ನಿಷಾದ. ನಮ್ಮ 72ನೆಯ ಮೇಳ, ರಸಿಕಪ್ರಿಯ. ವಿವಾದಿ ಎಂದು ನಮ್ಮವರೇ ದೂರ ಇಡುವ ರಾಗ.

ಕಳೆದ ದಸರಾಕ್ಕೆ ಊರಿಗೆ ಹೋದಾಗ ಅದನ್ನು ದೊಡ್ಡಮ್ಮನಿಗೆ ಕೇಳಿಸಿದೆ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ಅವರು. ಬೊಂಬೆ ಜೋಡಿಸುತ್ತಿದ್ದ ಕೈ ನಿಲ್ಲಿಸಿ, ಕಣ್ಣು ಮುಚ್ಚಿ ಕೇಳಿದರು. ಹಿತ್ತಾಳೆ ವಾದ್ಯಗಳು ಆರ್ಭಟಿಸಿ ನಿಂತ ಮೇಲೆ, "ರಸಿಕಪ್ರಿಯ ಅಲ್ಲ ಕಣೋ ಇದು. ರಸಿಕಪ್ರಿಯದ ಸ್ವರ ಅಷ್ಟೆ, ಗಮಕವೇ ಇಲ್ವಲ್ಲ" ಎಂದರು. ನಾನು ಫೋನು ಎತ್ತಿಕೊಳ್ಳಲು ಹೋದೆ.

"ಇರು, ತಾಳ ಲೆಕ್ಕಕ್ಕೆ ಸಿಗ್ಲಿಲ್ಲ ನಂಗೆ. ಇನ್ನೊಂದ್ಸಲ ಹಾಕು."